ಕಸ

ಐದನೆಯ ದಿನವೂ ಬಾಟಲಿಗಳು ಬಾಯಿಬಿಡಲಿಲ್ಲ.
ಮೂರು ಜೋಡಿ, ಮೂರು ಸಲ ಎಳೆದ ನೆತ್ತರು,
ಯಂತ್ರದ ಬೆಚ್ಚಗಿನ ಹೊಟ್ಟೆಯಲ್ಲಿ
ತೊಟ್ಟಿಲಿನ ಹಾಗೆ ತೂಗಿಸಿಕೊಳ್ಳುತ್ತ ಸುಮ್ಮನಿದ್ದವು.
ಹಸಿರು ದೀಪ. ಹಸಿರು ದೀಪ.
ಪರೇಲಿನ ಮುನಿಸಿಪಾಲಿಟಿ ಆಸ್ಪತ್ರೆಯ ಮೂರನೆಯ ಮಾಳಿಗೆಯಲ್ಲಿ
ಹಸಿರೆಂದರೆ ಏನೂ ಬೆಳೆದಿಲ್ಲ ಎಂದರ್ಥ.

ಆದರೆ ಎಕೋದ ಪರದೆಯ ಮೇಲೆ ಅದು ಇತ್ತು:
ಕವಾಟದ ಅಂಚಿಗೆ ಜೋತ ಸಾಸಿವೆಯಷ್ಟು ಏನೋ,
ಎದೆ ಬಡಿದಾಗಲೆಲ್ಲ
ಒಳಗೊಮ್ಮೆ ಹೊರಗೊಮ್ಮೆ.
ಸಬ್ನಿಸ್ ಡಾಕ್ಟರು ಕಣ್ಣುಮುಚ್ಚಿ ಆಲಿಸಿದರು,
ರಾತ್ರಿ ಸೋರುವ ನಲ್ಲಿಯನ್ನು ಆಲಿಸುವವರ ಹಾಗೆ.
'ಹದಿನಾಲ್ಕು ದಿನ ಇಡು' ಎಂದರು. ಇಟ್ಟೆ.
ರಕ್ತದ ತಟ್ಟೆ ಬಡಿಸಿದೆ, ಚಾಕೊಲೇಟ್ ತಟ್ಟೆ ಬಡಿಸಿದೆ
(ಹೆಸರಷ್ಟೇ ಸಿಹಿ, ಅದೂ ಬೆಂದ ರಕ್ತವೇ).
ಕೆಲವು ಜೀವಿಗಳಿಗೆ ನಮ್ಮ ಅಡುಗೆ ಸೇರುವುದಿಲ್ಲ.

ಕೇಸ್ ಪೇಪರಿನಲ್ಲಿ ಇಷ್ಟಿತ್ತು:
ನೀಲಗಂಗವ್ವ, ಐವತ್ತೆರಡು, ಗೋವಂಡಿ.
ಚಿಕ್ಕಂದಿನಲ್ಲಿ ಕೀಲು ಊದಿಸಿದ ಜ್ವರ.
ಎಂಟು ತಿಂಗಳಿಂದ ಸಂಜೆ ಸಂಜೆ ಜ್ವರ,
ಅದರಲ್ಲಿ ಆರು ತಿಂಗಳು ಟಿಬಿ ಗುಳಿಗೆ, ವ್ಯರ್ಥ.
ಉದ್ಯೋಗ: ಸಫಾಯಿ. ಕಚರಾ ತೆಗೆಯುತ್ತಾಳೆ.
ಸಾಕುಪ್ರಾಣಿ: ಇಲ್ಲ.

ಬರೆಸಿದವನು ಮೊಮ್ಮಗ, ಹನ್ನೊಂದರ ಹುಡುಗ,
ಅಜ್ಜಿಯ ಜತ್ತ ಸೀಮೆಯ ಕನ್ನಡವನ್ನು
ಗೋವಂಡಿಯ ಹಿಂದಿಗೆ ತಿರುವಿ ಹಾಕುವವನು.

ಹದಿನೈದನೆಯ ದಿನ ಮತ್ತೆ ರಕ್ತಕ್ಕೆ ಹೋದೆ.
ತೋಳಿಗೆ ರಬ್ಬರು ಬಿಗಿದಾಗ
'ಸಾವಕಾಶ ನನ್ನವ್ವಾ' ಎಂದಳು, ಗೋಡೆಗೆ ಹೇಳಿದಂತೆ.
ನನ್ನ ಕನ್ನಡ ಫೋರ್ಟಿನ ರಾತ್ರಿಶಾಲೆಯದು, ಬೇರೆಯೇ ಜಾತಿ.
ಆದರೂ ಕೇಳಿದೆ:
ಯಾವ ಕಸ ತೆಗೀತೀರಿ ನೀವು? ರಸ್ತೆಯದೋ, ಮಾರ್ಕೆಟ್ಟಿನದೋ?

ಅವಳು ನಕ್ಕಳು. ಹದಿನೈದು ದಿನದಲ್ಲಿ ಮೊದಲ ಸಲ.
'ರಸ್ತೇದಲ್ಲಬೇ. ಆಡು ಈದ ಮ್ಯಾಲ ಬೀಳತೈತಲ್ಲ, ಆ ಕಸ.
ಬೀಳಲಿಲ್ಲಂದ್ರ ಕೈ ಹಾಕಿ ತಗೀತೀನಿ.
ನಮ್ಮ ಓಣಿ ಆಡಿಗೆಲ್ಲ ನಾನ ಸೂಲಗಿತ್ತಿ.
ಹ್ವಾದ ಥಂಡ್ಯಾಗ ನಾಕು ಆಡು ಕಂದು ಹಾಕಿದ್ವು ನೋಡು,
ಕಣ್ಣ ಬಿಡದ ಮರಿ...'

ಹುಡುಗ ಕಾಲ್ಬೆರಳಿನಿಂದ ಟೈಲು ಕೆರೆಯುತ್ತ ನಿಂತಿದ್ದ.
ಆಡು ಇಲ್ಲ ಅಂತ ಯಾಕೆ ಹೇಳಿದೆಯೋ?
ಹೊದಿಕೆಯ ಮೇಲಿನ ಮುದ್ರೆಗೆ ಬೆರಳು ತೋರಿಸಿದ.
ಆಡು ಹಿಡಿದೊಯ್ಯುವ ವ್ಯಾನಿನ ಮೇಲೂ
ಅದೇ ಮುದ್ರೆ.

ಮೊದಲು ಬ್ರುಸೆಲ್ಲಾ ನೋಡಿದೆ. ಅಲ್ಲ.
ಫ್ರಿಜ್ಜಿನ ಹಿಂಬದಿಯಲ್ಲಿ, ಅವಧಿಗೆ ಇಪ್ಪತ್ತು ದಿನ ಉಳಿದ
ಯಾರೂ ಕೇಳದ ಕಿಟ್ಟೊಂದಿತ್ತು.
ಕತ್ತಲೆ ಕೋಣೆಗೆ ಕೂತೆ.
ಅವಳ ರಕ್ತದ ತಿಳಿಗೆ ನೀರು ಬೆರೆಸುತ್ತ ಹೋದೆ:
ಇನ್ನೂರು ಪಾಲು, ನಾನೂರು, ಎಂಟುನೂರು.
ಹದಿನಾರುನೂರರಲ್ಲೂ ಸೇಬುಹಸಿರಾಗಿ ಹೊಳೆಯುತ್ತಿತ್ತು.
ಮೂವತ್ತೆರಡುನೂರರಲ್ಲೂ.
ಆ ಮಾಳಿಗೆಯಲ್ಲಿ ಹಸಿರಿಗೆ ಅಂದು ಬೇರೆ ಅರ್ಥ.

ಕಾಕ್ಸಿಯೆಲ್ಲಾ ಎಂದು ಬರೆಯುವಾಗ
ಒತ್ತಕ್ಷರಕ್ಕೆ ಪೆನ್ನು ತಡವರಿಸುವಂತೆ
ಕೈ ಒಮ್ಮೆ ನಿಂತಿತು. ಇಂಗ್ಲಿಷಿನಲ್ಲೇ ಬರೆಯಬೇಕಿತ್ತು, ಬರೆದೆ.
ಸಬ್ನಿಸ್ ಡಾಕ್ಟರು ಓದಿ, ಕನ್ನಡಕ ತೆಗೆದು,
'ಯಾರು ಕೇಳಿದ್ದು ಅವಳನ್ನು?' ಎಂದರಷ್ಟೇ.

ಎರಡು ಬಗೆಯ ಗುಳಿಗೆ, ಹದಿನೆಂಟು ತಿಂಗಳು.
ಕವಾಟ ಉಳಿದೀತು, ಉಳಿಯದೆಯೂ ಇದ್ದೀತು.
ಅವಳು ಕೇಳಿದ್ದು ಒಂದೇ:
ಆಡಿಗೂ ಐತೇನು ಇದರ ಔಷಧ?
ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.
ಕೈಗವಸು ಕೊಟ್ಟೆ, ಎರಡು ಡಬ್ಬಿ, ಸ್ಟೋರಿನ ಲೆಕ್ಕಕ್ಕೆ ಸಿಗದಂತೆ.

ಕೇಸ್ ಪೇಪರಿನ ಮೊದಲ ಪುಟದಲ್ಲಿ
ಇನ್ನೂ ಸಫಾಯಿ ಅಂತಲೇ ಇದೆ.

ಮೊನ್ನೆ ಫಾಲೋ‍ಅಪ್ಪಿಗೆ ಬಂದವಳು
ನನ್ನ ಮೇಜಿನ ಮೇಲೆ ಸ್ಟೀಲಿನ ಕ್ಯಾನು ಇಟ್ಟು ಹೋದಳು,
ತುಂಬ ಆಡಿನ ಹಾಲು, ನೊರೆ ಇನ್ನೂ ಆರಿರಲಿಲ್ಲ.
ಚೆಲ್ಲಬೇಕಿತ್ತು.
ಮನೆಗೆ ಒಯ್ದು
ಮೂರು ಉಕ್ಕು ಬರಿಸಿ
ಕುಡಿದೆ.