ಮೂರೂವರೆ ಜಾಡಿ

ಬೋಂದೊ ಫೋನ್ ಮಾಡಿದಾಗ ಹತ್ತೂ ಇಪ್ಪತ್ತು.
"ಲಮ್ಝಿರಾ, ಗುಡ್ಡ ಜಾರಿದೆ.
ಮುಂದೆ ಮಣ್ಣು, ಹಿಂದೆ ಮೂವತ್ತು ಗಾಡಿ,
ಕೆಳಗೆ ಎಂಗುರಿ ಹೊಳೆ.
ಡ್ರಮ್ಮಿನಲ್ಲಿ ಎಂಟು ಘನಮೀಟರು."

ಗಡಿಯಾರ ನೋಡಿದೆ.
ನೀರು ಬೆರೆತು ಒಂದೂವರೆ ಗಂಟೆ.

ಸಿಮೆಂಟು ಒಣಗುತ್ತದೆ ಅನ್ನುತ್ತಾರೆ ಜನ.
ಒಣಗುವುದಲ್ಲ, ಅದು ಕುಡಿಯುವುದು.
ಹೊಳೆಯಲ್ಲಿ ಮುಳುಗಿಸಿಟ್ಟರೂ ಗಟ್ಟಿಯಾಗುತ್ತದೆ,
ಕುಡಿದಷ್ಟೂ ಮೈ ಕಾದು
ಕಣದಿಂದ ಕಣಕ್ಕೆ ಮುಳ್ಳು ಚಾಚಿ
ಹೆಣೆದುಕೊಳ್ಳುತ್ತದೆ.
ಗಿರಣಿಯಲ್ಲೇ ಬೆರೆಸಿದ ಜಿಪ್ಸಮ್ಮು
ಮೊದಲ ಆತುರವನ್ನಷ್ಟೇ ತಡೆದೀತು.
ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ.

ತಡೆಯುವ ಮದ್ದು ನನ್ನ ಕಪಾಟಿನಲ್ಲಿತ್ತು:
ಕಾಗದದ ಕಾರ್ಖಾನೆ ಮರವನ್ನು ಬೇಯಿಸಿ
ಬಸಿದು ಬಿಟ್ಟ ಕಂದು ನೀರು.
ಬೆಳಿಗ್ಗೆ ಎರಡು ಲೀಟರು ಕಡಿಮೆ ಹಾಕಿದ್ದೆ,
ತಂಪು ದಿನ, ದಾರಿ ಹತ್ತಿರ ಅಂದುಕೊಂಡು.

"ಕ್ಯಾಬಿನಲ್ಲಿ ಏನಿದೆ?"
"ರೊಟ್ಟಿ. ಸಿಗರೇಟು. ಹತ್ತು ಕಿಲೋ ಸಕ್ಕರೆ,
ನಾದಿನಿಗೆ, ಎಳೆ ಆಕ್ರೋಟಿನ ಮುರಬ್ಬಕ್ಕೆ."
"ಮೂರು ಕಿಲೋ ಡ್ರಮ್ಮಿಗೆ ಸುರಿ."
"ಹುಡುಗಾಟವೇ?"
"ಮೂರೇ. ಹತ್ತೂ ಸುರಿದೀಯೆ, ಜೋಕೆ.
ಅತಿಯಾದರೆ ಎಚ್ಚೆತ್ತು ಸಟ್ಟನೆ ಹಿಡಿಯುತ್ತದೆ."
"ತಕ್ಕಡಿ ಎಲ್ಲಿ ತರಲಿ? ವೈನಿನ ಲೀಟರು ಜಾಡಿ ಇದೆ."
"ಹಾಗಾದರೆ ಮೂರೂವರೆ ಜಾಡಿ."

ಏಣಿ ಹತ್ತುವ ಸದ್ದು ಫೋನಿನಲ್ಲಿ. ಉಬ್ಬಸ.
ಯಾರೋ ನಕ್ಕರು, ಯಾರೋ ಚಹಾ ಕೇಳಿದರು.
ಕಣಕಣದ ಮೈಗೂ ಸಿಹಿ ಅಂಟಿಕೊಂಡು
ಮೊಳೆಯಬೇಕಿದ್ದ ಮುಳ್ಳು ಮೊಳೆಯದೆ
ಎಂಟು ಘನಮೀಟರು ನಿದ್ದೆಹೋಯಿತು,
ತಿರುಗುತ್ತಲೇ.

ಸಂಜೆ ದಾರಿ ತೆರೆಯಿತು.
ಸೇತುವೆಯ ಎಂಜಿನಿಯರು ಬಗ್ಗಿ ನೋಡಿ
ಪಾಯಸ ಬೇಡ ಅಂದ.
ಬೋಂದೊ ಹಿಂದಿರುಗಿ ನಾದಿನಿಯ ಅಂಗಳಕ್ಕೆ ಸುರಿದ,
ಮುರಬ್ಬದ ಬಾಬ್ತು.

ಎರಡು ದಿನ ಕೆಸರು.
ಕೋಳಿಗಳು ಓಡಾಡಿದವು, ಇರುವೆ ಸಾಲು ಬಂತು,
ನಾದಿನಿ ನನ್ನ ವಂಶವನ್ನೆಲ್ಲ ಬೈದಳಂತೆ.
ಮೂರನೆಯ ಬೆಳಿಗ್ಗೆ ಬೋಂದೊ ಪಿಸುಗುಟ್ಟಿದ,
ಮಲಗಿದವರನ್ನು ಎಬ್ಬಿಸಬಾರದೆಂಬಂತೆ:
"ಅಂಗೈ ಇಟ್ಟೆ. ಜ್ವರ ಬಂದ ಹಾಗಿದೆ."
"ನೀರು ಚಿಮುಕಿಸು, ಗೋಣಿ ಹೊದಿಸು.
ಅದು ಈಗ ಕುಡಿಯಲು ಕೂತಿದೆ."

ತಿಂಗಳ ಮೇಲೆ ನಾನೇ ಹೋಗಿ
ಸುತ್ತಿಗೆಯಿಂದ ತಟ್ಟಿ ನೋಡಿದೆ.
ಠಣ್ ಅಂದಿತು, ಕೋಳಿಹೆಜ್ಜೆಯ ಸಮೇತ.
ಎಷ್ಟೋ ಕಂಬಗಳಿಗಿಂತ ಒಳ್ಳೆಯ ದನಿ.

ವರದಿಯಲ್ಲಿ ಬರೆದೆ:
ಭೂಕುಸಿತ. ಸಕ್ಕರೆ ಮೂರು ಕಿಲೋ. ತಿರಸ್ಕೃತ.
ಆ ಎರಡು ಲೀಟರಿನ ಸಂಗತಿ
ಇನ್ನೂ ಬರೆದಿಲ್ಲ.