ಸೊನ್ನೆಗೆ ಏನರ್ಥ

ಬೈತಖೋಲ ಬಂದರಿನಲ್ಲಿ ಟ್ರಾಲರುಗಳು
ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ.
ಜೂನು. ನಿಷೇಧ. ಐಸ್ ಫ್ಯಾಕ್ಟರಿಯ ಮೋಟಾರೂ ಸುಮ್ಮನಿದೆ.
ಸಂಘದ ಮಾಳಿಗೆಯ ಕೋಣೆಯಲ್ಲಿ ನಾನು
ಕ್ಲೌಡಿನ ಬಿಲ್ಲು ಹಿಡಿದು ಕೂತಿದ್ದೇನೆ.

"ಮೋಡಕ್ಕೂ ಬಾಡಿಗೆಯೆ?" ಎಂದಿದ್ದರು ಅಧ್ಯಕ್ಷ ಗಣಬಾ ತಾಂಡೇಲರು
ಕಿಟಕಿಯ ಹೊರಗೆ ಕೈ ಮಾಡಿ,
"ಇಲ್ಲಿ ಪುಕ್ಕಟೆ ಸುರೀತಾ ಇದೆಯಲ್ಲ."
ಸಭೆ ನಕ್ಕಿತು. ಆಮೇಲೆ ಯಾರೋ
ಡಾಲರನ್ನು ರೂಪಾಯಿಗೆ ಗುಣಿಸಿದರು.

ನನಗಿಂತ ಮುಂಚೆ ಇದ್ದವನು ಗಿಲ್ಬರ್ಟ್ ರೆಬೆಲೊ,
ಈಗ ಯಾವುದೋ ಎಣ್ಣೆ ಹಡಗಿನಲ್ಲಿ, ಯಾವ ಸಮುದ್ರವೋ.
ಬಿಟ್ಟು ಹೋದದ್ದು ಒಂದು ಪಾಸ್‌ವರ್ಡು, ಒಂದು ಹರಿದ ರೇನ್‌ಕೋಟು,
ಹೆಸರಿಲ್ಲದ, ಅರೆಹೆಸರಿನ ನೂರಾ ಹದಿನೇಳು ವಸ್ತುಗಳು,
ಎಲ್ಲೋ ಮುಂಬೈಯ ಕಟ್ಟಡವೊಂದರಲ್ಲಿ ಬಿಸಿಯಾಗುತ್ತ.

ಹೊಸ ಉಪಕರಣ ತಂದೆ. ಅದು ರಂಪಣಿಯ ಹಾಗೆ
ಖಾತೆಯ ಈ ಮೂಲೆಯಿಂದ ಆ ಮೂಲೆಗೆ ಬಳಸಿ ಬಂದು
ಎಲ್ಲವನ್ನೂ ದಡಕ್ಕೆ ಎಳೆಯಿತು:
ಯಾವ ಸರ್ವರ್‌ಗೂ ಅಂಟದ ಡಿಸ್ಕು,
ಯಾರೂ ಬಾಗಿಲು ತಟ್ಟದ ವಿಳಾಸ,
ಟೆಸ್ಟ್-ಎರಡು, ಟೆಸ್ಟ್-ಎರಡು-ಹೊಸದು, ಟೆಸ್ಟ್-ಎರಡು-ಇದೇ-ಕೊನೆ.
"ಅಳಿಸಬೇಡ" ಅಂತಲೇ ಹೆಸರಿದ್ದ ಪೆಟ್ಟಿಗೆ ತೆರೆದೆ.
ಖಾಲಿ.
"ತಾತ್ಕಾಲಿಕ" ಅಂತ ಇನ್ನೊಂದು, ಐದು ವರ್ಷದಿಂದ ಉರಿಯುತ್ತಿದೆ,
ದಿನಕ್ಕೊಮ್ಮೆ, ನಸುಕಿನ ಮೂರೂವರೆಗೆ ಎದ್ದು
ಯಾವುದೋ ನಂಬರಿಗೆ ಏನೋ ಕಳಿಸಿ ಮಲಗುತ್ತದೆ.
ಕೆಲವು ದಿನ ಒಂದೇ ಮಾತು ಎರಡು ಸಲ.
ಉಪಕರಣ ಹಳದಿ ಬಣ್ಣದಲ್ಲಿ ಬರೆಯಿತು:
ಪುನರಾವರ್ತನೆ. ಬಹುಶಃ ದೋಷ.
ಬಳಕೆ, ಇಲ್ಲವೆಂಬಷ್ಟು.

ಉಳಿಯುವವನ್ನು ಅದೇ ಕೋಡಾಗಿ ಬರೆದುಕೊಟ್ಟಿತು,
ಸಾಲು ಸಾಲು, ಅಂಚು ಸಮ.
ಇಷ್ಟು ದಿನ ಗಿಲ್ಬರ್ಟನ ತಲೆಯಲ್ಲಿದ್ದದ್ದನ್ನು
ಈಗ ಯಾರು ಬೇಕಾದರೂ ಓದಬಹುದು, ಮುಳುಗಿಹೋದರೆ
ಮತ್ತೆ ಅದೇ ಅಳತೆಗೆ ಕಟ್ಟಬಹುದು.
ನನಗೆ, ಸುಳ್ಳೇಕೆ, ಖುಷಿಯಾಯಿತು.
ನಲವತ್ತೊಂದು ನಾಶವಾಗಲಿವೆ, ಒಪ್ಪಿಗೆಯೆ? ಎಂದಿತು.
ಹೌದು, ಎಂದು ಟೈಪಿಸಿದೆ.
ಚಹಾ ಆರುವ ಮೊದಲು ಮುಗಿಯಿತು.

ಮೂರನೇ ದಿನ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ.
ದೇವಬಾಗದ ವಿಠೋಬ ದುರ್ಗೇಕರ, ಪಾತಿದೋಣಿಯವನು.
ನಿಷೇಧ ಇಂಜಿನ್ನಿಗೆ, ಹುಟ್ಟಿಗಲ್ಲ.
ಪ್ಲಾಸ್ಟಿಕ್ ಚೀಲದೊಳಗಿಂದ ಗುಂಡಿಯ ಫೋನು ತೆಗೆದು
ಡಾಕ್ಟರ ಮುಂದೆ ಇಡುವ ಹಾಗೆ ಮೇಜಿನ ಮೇಲಿಟ್ಟ.
"ಇದು ಗುರ್ ಅನ್ನೂದಿಲ್ಲ ತಂಗೀ, ಮೂರು ದಿನ ಆಯ್ತು."

ಮೆಸೇಜು ಇಂಗ್ಲಿಷಿನಲ್ಲಿ. ಅವನು ಓದಿದ್ದೇ ಇಲ್ಲ.
ದಿಂಬಿನಡಿ ಒಂದು ಸಲ ನಡುಗಿದರೆ, ಹೋಗು.
ಎರಡು ಸಲ ನಡುಗಿದರೆ
ಕೂರ್ಮಗಡದಾಚೆ ಗಾಳಿ, ಮಲಗು.
ಗಿಲ್ಬರ್ಟ್ ಹೇಳಿಕೊಟ್ಟದ್ದು, ಬಾಯಿಮಾತಿನಲ್ಲಿ,
ಒಂದು ಸಂಜೆ, ಬಿಟ್ಟಿ ಬಂಗಡೆಯ ಋಣಕ್ಕೆ.
"ಈಗ ಒಂದೂ ಇಲ್ಲ, ಎರಡೂ ಇಲ್ಲ.
ಸೊನ್ನೆಗೆ ಏನರ್ಥ, ಹೇಳು?"

ಮೂರು ನಸುಕು ಅವನು ಕಾಳಿ ಕಡಲು ಕೂಡುವಲ್ಲಿ
ಮರಳ ಮೇಲೆ ದೋಣಿಗೊರಗಿ ಕೂತಿದ್ದಾನೆ.
ಮನೆಯಲ್ಲಿ ಮೂರು ದಿನವೂ ಒಣಮೀನಿನ ಸಾರು.

ಅಳಿಸಿದ್ದರ ನೆರಳನ್ನು ಏಳು ದಿನ
ಇಟ್ಟುಕೊಳ್ಳುವ ಗುಣ ಉಪಕರಣಕ್ಕಿತ್ತು.
ಎತ್ತಿ ತಂದೆ. ಈ ಸಲ ಕೈಯಾರೆ ಬರೆದೆ.
"ತಾತ್ಕಾಲಿಕ" ಹೊಡೆದು ಹಾಕಿ, ಹೆಸರು: ದೇವಬಾಗ-ಗಾಳಿ.
ನಾನೇ ಕೇಳಿದರೂ ನಾಶವಾಗದಿರಲಿ ಎಂಬ ಒಂದು ಸಾಲು.
ಒಡೆತನದ ಜಾಗದಲ್ಲಿ ಸಂಘದ ಹೆಸರು ಬರಬೇಕು, ನಿಯಮ. ಹಾಕಿದೆ.
ಅದರ ಮೇಲೆ, ಯಂತ್ರ ಓದದೆ ದಾಟಿಹೋಗುವ ಕಡೆ,
ಒಂದು ಹ್ಯಾಶ್ ಗುರುತು ಹಾಕಿ, ಕನ್ನಡದಲ್ಲಿ:
ಎರಡು ಸಲ ಹೋಗುತ್ತದೆ. ದೋಷವಲ್ಲ.
ತಿದ್ದುವ ಮುನ್ನ ವಿಠೋಬನನ್ನು ಕೇಳಿ.

ಉಳಿದ ನಲವತ್ತರ ಪಟ್ಟಿ ಡ್ರಾವರಿನಲ್ಲಿದೆ.
ಬಿಲ್ಲು ಇಳಿದಿದೆ, ತಾಂಡೇಲರು ಸಭೆಯಲ್ಲಿ ಹೊಗಳಿದರು.
ಮೆಟ್ಟಿಲಲ್ಲಿ ಸದ್ದಾದರೆ ತಲೆ ಎತ್ತುತ್ತೇನೆ.
ಇಲ್ಲಿವರೆಗೆ ಇನ್ನಾರೂ ಬಂದಿಲ್ಲ.
ನಾಳೆ ಏಳನೇ ದಿನ.