ಹೊಳೆಗೆ ಹೋದ ಚೆಂಡುಗಳ ಲೆಕ್ಕ

ಸಕಲೇಶಪುರದ ಡೋಣಿಗಾಲ್ ಬಾಯ್ಸ್ ತಂಡದ
ಮಿನಿಟ್ ಬುಕ್ಕು ನನ್ನ ಹೊಲಿಗೆ ಮೆಶೀನಿನ ಖಾನೆಯಲ್ಲಿದೆ,
ಬಾಬಿನ್ನು, ಗುಂಡಿ, ಸೀಮೆಸುಣ್ಣದ ಚೂರುಗಳ ಜತೆ.
ಮೊದಲ ಪುಟ ನನ್ನ ಅಕ್ಷರವಲ್ಲ:
"ಚೆಂಡು ಒಂದು. ಆಟಗಾರರು ಒಂಬತ್ತು.
ಇಬ್ಬರು ಸುರಂಗದಿಂದ ಇನ್ನೂ ಬಂದಿಲ್ಲ."

ಬೆಟ್ಟ ಕೊರೆಯಲು ಬಂದವರು ಅವರು.
ಕುಂಞಾಲಿಯ ತಗಡಿನ ಟ್ರಂಕಿನಲ್ಲಿ, ಲುಂಗಿಗಳ ನಡುವೆ,
ಗಾಳಿ ಬಿಟ್ಟ ಚೆಂಡೊಂದು
ಹಪ್ಪಳದ ಹಾಗೆ ಚಪ್ಪಟೆ ಮಲಗಿ ಬಂದಿತ್ತು.
ಅದಕ್ಕೆ ಉಸಿರು ಕೊಟ್ಟದ್ದು
ಬಸ್‌ಸ್ಟ್ಯಾಂಡಿನ ಸೈಕಲ್ ಶಾಪಿನ ಪಂಪು.
ಚಾರ್ಜು ಐದು ಪೈಸೆ. ಅದೂ ಬರೆದಿದೆ.

ಮೈದಾನವೆಂದರೆ ಹೊಳೆದಂಡೆಯ ಇಳಿಜಾರು.
ಬಲಕ್ಕೆ ಜೋರಾಗಿ ಒದ್ದರೆ ಹೇಮಾವತಿ.
ಹಾಗಾಗಿ ನಮ್ಮಲ್ಲಿ ಹನ್ನೆರಡನೆಯವನೊಬ್ಬನಿದ್ದ,
ಮರಳು ತೆಗೆಯುವ ಬೋರ,
ಸೇತುವೆಯ ಕೆಳಗೆ ತೆಪ್ಪದಲ್ಲಿ ಬೀಡಿ ಸೇದುತ್ತ ಕೂತವ.
ಹಿಡಿದ ಚೆಂಡಿಗೆ ಎಂಟಾಣೆ.
ಆಟವನ್ನು ಅವನು ಒಂದು ದಿನವೂ ನೋಡಲಿಲ್ಲ;
ಬಂದ ಚೆಂಡು ಎಣಿಸಿಯೇ ಹೇಳುತ್ತಿದ್ದ:
"ಇವತ್ತೂ ನೀವೇ ಸೋತ್ರಿ ಕಣ್ರಪ್ಪ."

ಲೈನು ಮುಗಿಯಿತು, ಕೊರೆದವರು ಹೊರಟರು.
ಕುಂಞಾಲಿ ಉಳಿದ, ಗ್ಯಾಂಗ್‌ಮನ್ ಆದ.
ಎಸ್ಟೇಟಿನ ರೈಟರು ಲಾರೆನ್ಸ್ ಮಿನೇಜಸ್ ಬಂದ,
ಎಡಗಾಲಲ್ಲಿ ಮಾತ್ರ ಒದೆಯುವ ಪಳನಿವೇಲು ಬಂದ,
ಬೂಟು ಹಾಕಿದರೆ ಓಡಲಾರದ ಹೆನ್ನಲಿಯ ಧರ್ಮೇಗೌಡ.
ನಾನು ಬಂದದ್ದು ಅಳತೆ ತೆಗೆಯಲು.
ಇಟ್ಟಿಗೆ ಬಣ್ಣದ ಪಾಪ್ಲಿನ್, ಹನ್ನೊಂದು ಅಂಗಿ.
ಏಳಕ್ಕೆ ಬಿಳಿ ಬಟ್ಟೆ ಸಾಲದೆ
ಹೆಂಡತಿಯ ಹಳದಿ ರವಿಕೆಯ ತುಂಡಿಂದ ಕತ್ತರಿಸಿದೆ.
ಜನ್ಮದಲ್ಲಿ ನೋಡಿದ ಒಂದೇ ಆಟದಲ್ಲಿ ಅವಳು
ಚೆಂಡನ್ನು ಬಿಟ್ಟು ಆ ಏಳನ್ನೇ ನೋಡುತ್ತಿದ್ದಳು.

ಜಿಲ್ಲಾ ಲೀಗು, ಬಿ ಡಿವಿಷನ್. ಹನ್ನೆರಡು ವರ್ಷ ಅಲ್ಲೇ.
ಎಂಬತ್ತೊಂಬತ್ತರಲ್ಲಿ, ಹೇಗೋ, ಎ.
ಹೇಗೋ ಅಂದರೆ, ಅರಸೀಕೆರೆಯವರ ಲಾರಿ ದಾರಿಯಲ್ಲಿ ಕೆಟ್ಟಿತು.
ಅವರು ಬರಲಿಲ್ಲ. ನಾವು ಬಂದಿದ್ದೆವು.
ಆ ರಾತ್ರಿ ಪ್ಯಾಸೆಂಜರಿನ ಗಾರ್ಡು ಹಸಿರು ಲಾಂದ್ರವನ್ನು
ಹಾಸನದಿಂದ ಇಲ್ಲಿತನಕ ಕೆಳಗಿಳಿಸಲಿಲ್ಲ.
ಮರುವರ್ಷ ಆಡಿದ್ದು ಒಂಬತ್ತು, ಸೋತದ್ದು ಒಂಬತ್ತು,
ಹೊಡೆದ ಗೋಲು ಎರಡು.
ಅದರಲ್ಲೊಂದನ್ನು ಹೊಡೆದವ ಅವರದೇ ಬ್ಯಾಕು.
ಪಳನಿವೇಲು ಹೆಸರಿಗೆ ಬರೆದಿದ್ದೇನೆ. ತಿದ್ದುವುದಿಲ್ಲ.

ತೊಂಬತ್ತಾರರಲ್ಲಿ ಹಳಿ ಕಿತ್ತರು, ಅಗಲ ಮಾಡುವುದಕ್ಕೆ.
ಕೀಪರಿಗೆ ಹುಬ್ಬಳ್ಳಿಗೆ ವರ್ಗ,
ಬ್ಯಾಕುಗಳಿಬ್ಬರಿಗೂ, ನೋಡಿ, ಅರಸೀಕೆರೆಗೇ.
ಮುಂದಿನ ಲೀಗಿನಲ್ಲಿ ಅವರು ನಮ್ಮ ಎದುರು ನಿಂತರು
ನಾನು ಹೊಲಿದ ಚಡ್ಡಿಯಲ್ಲೇ.
ಇಲಾಖೆ ನಮಗೆ ಬಿಟ್ಟುಹೋದದ್ದು ಹಳೆ ಸ್ಲೀಪರು ನಾಲ್ಕು.
ನೆಟ್ಟೆವು. ಗೋಲು ಎದೆಮಟ್ಟ ಬಂತು.
"ಇನ್ನು ಕೂತೇ ಕೀಪಿಂಗ್ ಮಾಡಬಹುದು" ಅಂದ ಲಾರೆನ್ಸ್.
ಲೀಗಿನವರು ಬಂದು ನೋಡಿ
ನಮ್ಮೂರಿನ ಪಂದ್ಯಗಳನ್ನೂ ಹಾಸನಕ್ಕೇ ಹಾಕಿಬಿಟ್ಟರು.
ಬಸ್ ಚಾರ್ಜು ಆಮೇಲಿನ ಪುಟಗಳ ತುಂಬ ಇದೆ,
ಗೋಲಿಗಿಂತ ಜಾಸ್ತಿ.

ಈಗ ತಂಡ ಅಂತ ಇಲ್ಲ. ಆದರೆ ಪ್ರವೇಶ ಶುಲ್ಕ
ಪ್ರತಿ ಜೂನಿಗೆ ನಾನೇ ಕಟ್ಟಿಬರುತ್ತೇನೆ.
ಪಟ್ಟಿಯಲ್ಲಿ ನಮ್ಮ ಹೆಸರು ಅಚ್ಚಾಗುತ್ತದೆ,
ಎದುರಾಳಿಗೆ ಪುಕ್ಕಟೆ ಎರಡು ಅಂಕ.
ಕುಂಞಾಲಿ ತೀರಿಕೊಂಡ ವಾರ ಮಾತ್ರ
ಹೋಗಲು ಮರೆತೆ; ದಂಡ ಐವತ್ತು.

ಹೊಳೆಗೆ ಹೋದದ್ದು ನೂರ ಹದಿನಾಲ್ಕು,
ಬೋರ ತಂದದ್ದು ನೂರಾ ಆರು.
ಉಳಿದವು ಗೊರೂರು ಹಿನ್ನೀರಿನ ಯಾವ ಜೊಂಡಿನಲ್ಲೋ.

ಮೊನ್ನೆ ಬೋರನ ಮಗ ಅಂಗಡಿಗೆ ಬಂದ,
ಕೈಯಲ್ಲಿ ಪಾಚಿ ಹತ್ತಿದ ಪ್ಲಾಸ್ಟಿಕ್ ಚೆಂಡು, ಯಾರ ಮಗುವಿನದೋ.
ನಮ್ಮದಲ್ಲ ಕಣೋ ಅಂದೆ.
"ಅಪ್ಪ ಹೇಳಿದ್ದ, ನೀರಲ್ಲಿ ಸಿಕ್ಕಿದ್ದು ಟೈಲರಿಗೆ ಕೊಡು ಅಂತ."
ಎಂಟಾಣೆ ಈಗ ಓಡುವುದಿಲ್ಲ; ಹತ್ತು ರೂಪಾಯಿ ಕೊಟ್ಟೆ.
ಪುಸ್ತಕ ತೆರೆದು ಕೂತಿದ್ದೇನೆ,
ಪೆನ್ನಿನ ಕ್ಯಾಪು ಹಲ್ಲಲ್ಲಿ,
ಇದನ್ನು ಯಾವ ಕಾಲಮ್ಮಿಗೆ ಹಾಕುವುದು ಅಂತ.